414 ಸದಸ್ಯರಿದ್ದೂ ಬಿದ್ದುಹೋದ ಮಸೂದೆ: ಬಹುಮತದ ಸರ್ಕಾರಕ್ಕೆ ಸಂಸತ್ತಿನಲ್ಲಿ ಎಷ್ಟು ಬಲ?

2024ರ ಡಿಸೆಂಬರ್ 17ರಂದು ‘ಒಂದು ದೇಶ, ಒಂದು ಚುನಾವಣೆ’ಗೆ ಸಂಬಂಧಿಸಿದ ಸಂವಿಧಾನ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಅದನ್ನು ಮಂಡಿಸುವುದಕ್ಕೇ ಪ್ರತಿಪಕ್ಷಗಳು ತಕರಾರು ತೆಗೆದದ್ದರಿಂದ ಮತಕ್ಕೆ ಹಾಕಬೇಕಾಯಿತು. ಪರವಾಗಿ 269, ವಿರುದ್ಧವಾಗಿ 198 ಮತ ಬಿದ್ದವು. ಆ ಸಂಜೆ ಟಿ.ವಿ. ಚರ್ಚೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಮಾತು ಒಟ್ಟೊಟ್ಟಿಗೆ ಓಡಾಡಿದವು. ಸರ್ಕಾರ ಗೆದ್ದಿತು ಎಂಬುದು ಒಂದು. ಸರ್ಕಾರಕ್ಕೆ ಬೇಕಾದಷ್ಟು ಮತ ಸಿಗಲಿಲ್ಲ ಎಂಬುದು ಇನ್ನೊಂದು. ಎರಡೂ ನಿಜವೇ ಆಗಿದ್ದವು.

ಒಂದೇ ಮತದಾನದಲ್ಲಿ ಗೆದ್ದೂ ಬೇಕಾದಷ್ಟು ಸಿಗದೇ ಹೋಗುವುದು ಹೇಗೆ? ಬಹುಮತ ಇರುವ ಸರ್ಕಾರ ಏನು ಬೇಕಾದರೂ ಮಾಡಬಹುದಲ್ಲವೇ? ಇಲ್ಲದಿದ್ದರೆ ಅದನ್ನು ತಡೆಯುವವರು ಯಾರು? ಈ ಪ್ರಶ್ನೆಗಳನ್ನು ಸಿದ್ಧಾಂತದಲ್ಲಿ ಹೇಳುವುದಕ್ಕಿಂತ ಒಂದು ಲೋಕಸಭೆಯ ಐದು ವರ್ಷವನ್ನು ಎದುರಿಗಿಟ್ಟುಕೊಂಡು ನೋಡುವುದು ಒಳ್ಳೆಯದು. ಸ್ವತಂತ್ರ ಭಾರತದಲ್ಲಿ ಒಂದೇ ಪಕ್ಷಕ್ಕೆ ಅತಿ ದೊಡ್ಡ ಬಹುಮತ ಸಿಕ್ಕಿದ್ದು ಎಂಟನೇ ಲೋಕಸಭೆಯಲ್ಲಿ, 1985ರಿಂದ 1989ರವರೆಗೆ. ರಾಜೀವ್ ಗಾಂಧಿ ಪ್ರಧಾನಿ. ಸಂಖ್ಯಾಬಲ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಅದರಷ್ಟು ಸ್ಪಷ್ಟವಾದ ಉದಾಹರಣೆ ನಮ್ಮಲ್ಲಿ ಮತ್ತೊಂದಿಲ್ಲ.

ಬಹುಮತ ಒಂದೇ ಬಗೆಯದಲ್ಲ

ಈಗ ಲೋಕಸಭೆಯ ಒಟ್ಟು ಸ್ಥಾನ 543. ಅದರಲ್ಲಿ 272 ಇದ್ದವರು ಸರ್ಕಾರ ನಡೆಸಬಹುದು. ಅಷ್ಟೂ ಒಂದೇ ಪಕ್ಷದ ಬಳಿ ಇದ್ದರೆ ಅದು ಪೂರ್ಣ ಬಹುಮತದ ಸರ್ಕಾರ. ಹಲವು ಪಕ್ಷ ಕೂಡಿದರೆ ಸಮ್ಮಿಶ್ರ ಸರ್ಕಾರ. ಅಷ್ಟಿಲ್ಲದೆ, ಹೊರಗಿನವರ ಬೆಂಬಲದಿಂದಲೋ ಪ್ರತಿಪಕ್ಷಗಳ ಒಡಕಿನಿಂದಲೋ ಉಳಿದುಕೊಂಡರೆ ಅಲ್ಪಮತದ ಸರ್ಕಾರ. 1989ರಿಂದ 2014ರವರೆಗೆ ನಡೆದ ಯಾವ ಸಾರ್ವತ್ರಿಕ ಚುನಾವಣೆಯಲ್ಲೂ ಒಂದೇ ಪಕ್ಷಕ್ಕೆ ಬಹುಮತ ಬರಲಿಲ್ಲ. 2014ರಲ್ಲಿ 282, 2019ರಲ್ಲಿ 303 ಸ್ಥಾನ ಪಡೆದ ಬಿಜೆಪಿ ಆ ಸರಣಿ ಮುರಿಯಿತು. 2024ರಲ್ಲಿ ಅದು 240ಕ್ಕೆ ನಿಂತು ಮತ್ತೆ ಮಿತ್ರಪಕ್ಷಗಳ ಕೈಹಿಡಿಯಬೇಕಾಯಿತು.

ಸರ್ಕಾರ ರಚಿಸಲು ಬೇಕಾದ ಬಹುಮತ ಒಂದು ಲೆಕ್ಕ. ಸಂವಿಧಾನ ತಿದ್ದಲು ಬೇಕಾದದ್ದು ಬೇರೆಯೇ ಲೆಕ್ಕ. ಸಾಮಾನ್ಯ ಮಸೂದೆಗೆ ಆ ದಿನ ಹಾಜರಿದ್ದು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೆ ಸಾಕು. ಸಂವಿಧಾನ ತಿದ್ದುಪಡಿಗೆ ಎರಡು ಷರತ್ತು ಒಟ್ಟಿಗೆ ಈಡೇರಬೇಕು: ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಜೊತೆಗೆ ಮತ ಹಾಕಿದವರಲ್ಲಿ ಕನಿಷ್ಠ ಮೂರನೇ ಎರಡು. ಕೂಡುಕುಟುಂಬದಲ್ಲಿ ದಿನದ ಖರ್ಚುವೆಚ್ಚವನ್ನು ಮನೆಯ ಯಜಮಾನರೇ ನೋಡಿಕೊಳ್ಳುತ್ತಾರೆ, ಪಿತ್ರಾರ್ಜಿತ ಜಮೀನು ಮಾರಬೇಕಾದರೆ ಮಾತ್ರ ಪಾಲುದಾರರ ಸಹಿ ಬೇಕು. ಸಂವಿಧಾನ ಆ ಜಮೀನಿನಂಥದ್ದು.

ಡಿಸೆಂಬರ್ 17ರ ಲೆಕ್ಕಕ್ಕೆ ಬರೋಣ. ಅಂದು ಮತ ಹಾಕಿದವರು 467 ಮಂದಿ. ಮಸೂದೆ ಮಂಡಿಸಲು ಸಾಮಾನ್ಯ ಬಹುಮತ, ಅಂದರೆ 234 ಮತ ಸಾಕಿತ್ತು. 269 ಬಂತು, ಮಂಡನೆಯಾಯಿತು. ಅಷ್ಟೇ ಮಂದಿ ಇದ್ದು ಅಂಗೀಕಾರಕ್ಕೆ ಮತ ಹಾಕಿದ್ದರೆ 312 ಬೇಕಾಗುತ್ತಿತ್ತು. ಮಸೂದೆ ಅಂಗೀಕಾರದ ಹಂತಕ್ಕೆ ಹೋಗದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಸಾಮಾನ್ಯ ಮಸೂದೆಯ ಬಗ್ಗೆ ಲೋಕಸಭೆ, ರಾಜ್ಯಸಭೆ ನಡುವೆ ಒಮ್ಮತ ಬರದಿದ್ದರೆ ಎರಡೂ ಸದನಗಳನ್ನು ಒಟ್ಟಿಗೆ ಕೂರಿಸಿ ಮತಕ್ಕೆ ಹಾಕಬಹುದು. ಇದುವರೆಗೆ ಹಾಗಾದದ್ದು ಮೂರು ಸಲ ಮಾತ್ರ: 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗ, 2002ರಲ್ಲಿ ಭಯೋತ್ಪಾದನೆ ತಡೆ ಮಸೂದೆ. ಸಂವಿಧಾನ ತಿದ್ದುಪಡಿಗೆ ಈ ದಾರಿ ಇಲ್ಲ. ಎರಡೂ ಸದನಗಳಲ್ಲಿ ಬೇರೆಬೇರೆಯಾಗಿಯೇ ಮೂರನೇ ಎರಡು ಬಹುಮತ ಸಿಗಬೇಕು. ಎಂಟನೇ ಲೋಕಸಭೆಯ ಕಥೆ ಕೊನೆಗೆ ಬಂದು ನಿಲ್ಲುವುದು ಈ ನಿಯಮದ ಮುಂದೆ.

49 ಪ್ರತಿಶತ ಮತ, ನಾಲ್ಕನೇ ಮೂರು ಭಾಗಕ್ಕೂ ಮೀರಿದ ಸ್ಥಾನ

1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಎರಡು ತಿಂಗಳೊಳಗೆ, ಡಿಸೆಂಬರ್ ಕೊನೆಯಲ್ಲಿ ಚುನಾವಣೆ ನಡೆಯಿತು. ಪಂಜಾಬ್ ಮತ್ತು ಅಸ್ಸಾಂ ಬಿಟ್ಟು ಉಳಿದ 514 ಸ್ಥಾನಗಳಲ್ಲಿ ಕಾಂಗ್ರೆಸ್ 404 ಗೆದ್ದಿತು. ಮರುವರ್ಷ ಆ ಎರಡು ರಾಜ್ಯಗಳಿಂದ 10 ಸೇರಿ 414 ಆಯಿತು. ಪಕ್ಷಕ್ಕೆ ಬಿದ್ದ ಮತ ಶೇ 49ರಷ್ಟು, ಸಿಕ್ಕ ಸ್ಥಾನ ಶೇ 75ಕ್ಕಿಂತ ಹೆಚ್ಚು. ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ, ಎದುರಾಳಿಗಳು ಹಂಚಿಹೋದಾಗ ಹೀಗೇ ಆಗುತ್ತದೆ. ಬಿಜೆಪಿಗೆ ದೇಶದಲ್ಲೆಲ್ಲ ಸಿಕ್ಕಿದ್ದು ಎರಡೇ ಸ್ಥಾನ, ಆಂಧ್ರದ ಹನಮಕೊಂಡ ಮತ್ತು ಗುಜರಾತಿನ ಮೆಹಸಾಣಾ. ಗ್ವಾಲಿಯರ್‌ನಲ್ಲಿ ವಾಜಪೇಯಿ ಸೋತರು. ಪ್ರತಿಪಕ್ಷಗಳಲ್ಲಿ ಎಲ್ಲಕ್ಕಿಂತ ದೊಡ್ಡದು 30 ಸದಸ್ಯರ ತೆಲುಗುದೇಶಂ. ಒಂದು ಪ್ರಾದೇಶಿಕ ಪಕ್ಷ ಲೋಕಸಭೆಯಲ್ಲಿ ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು.

ಆ ಸದನದಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕರೇ ಇರಲಿಲ್ಲ. ಆ ಸ್ಥಾನಮಾನಕ್ಕೆ ಸದನದ ಹತ್ತನೇ ಒಂದು ಭಾಗದಷ್ಟಾದರೂ ಸದಸ್ಯರು ಇರಬೇಕೆಂಬ ರೂಢಿ ಇದೆ. ಯಾವ ಪಕ್ಷಕ್ಕೂ ಅಷ್ಟು ಬಲ ಇರಲಿಲ್ಲ.

ಕರ್ನಾಟಕದಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರವಿತ್ತು. ಲೋಕಸಭೆಯ 28 ಸ್ಥಾನಗಳಲ್ಲಿ ಕಾಂಗ್ರೆಸ್ 24, ಜನತಾ ಪಕ್ಷ 4 ಗೆದ್ದವು. ಜನ ನಮ್ಮನ್ನು ತಿರಸ್ಕರಿಸಿದ್ದಾರೆ ಎಂದು ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆಗೆ ಹೊಸ ಚುನಾವಣೆ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು 224ರಲ್ಲಿ 139 ಸ್ಥಾನವನ್ನು ಜನತಾ ಪಕ್ಷಕ್ಕೆ ಕೊಟ್ಟರು. ದೆಹಲಿಗೊಂದು, ಬೆಂಗಳೂರಿಗೊಂದು ತೀರ್ಪು, ನಡುವೆ ಮೂರು ತಿಂಗಳೂ ಇಲ್ಲ. ಇದನ್ನು ನಮ್ಮ ಮತದಾರರ ಜಾಣ್ಮೆಗೆ ಉದಾಹರಣೆಯಾಗಿ ಹೇಳುವುದುಂಟು. ಈ ಎರಡನೇ ತೀರ್ಪಿನ ಪರಿಣಾಮ ಬೆಂಗಳೂರಿಗೆ ಮುಗಿಯಲಿಲ್ಲ, ದೆಹಲಿಗೂ ಮುಟ್ಟಿತು. ಹೇಗೆಂಬುದು ರಾಜ್ಯಸಭೆಯ ಮಾತು ಬಂದಾಗ ತಿಳಿಯುತ್ತದೆ.

ಅವಧಿ ಶುರುವಾಗುವುದು ಯಾವಾಗ?

ಲೋಕಸಭೆಯ ಅವಧಿ ಐದು ವರ್ಷ. ಅದನ್ನು ಎಣಿಸುವುದು ಫಲಿತಾಂಶ ಬಂದ ದಿನದಿಂದಲ್ಲ, ಪ್ರಧಾನಿ ಪ್ರಮಾಣವಚನದ ದಿನದಿಂದಲೂ ಅಲ್ಲ. ಸದನದ ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ. ಎಂಟನೇ ಲೋಕಸಭೆ ಮೊದಲು ಸೇರಿದ್ದು 1985ರ ಜನವರಿ 15ರಂದು, ಹಾಗಾಗಿ ಅದರ ಅವಧಿ 1990ರ ಜನವರಿಯವರೆಗೆ ಇತ್ತು. ಅವಧಿ ಮುಗಿಯುವ ಮೊದಲೇ ವಿಸರ್ಜಿಸುವಂತೆ ಮಂತ್ರಿಮಂಡಲ ರಾಷ್ಟ್ರಪತಿಗೆ ಸಲಹೆ ಕೊಡಬಹುದು.

ಐದು ವರ್ಷವೂ ಸದನ ಕೂಡಿರುವುದಿಲ್ಲ. ವಾಡಿಕೆಯಲ್ಲಿ ವರ್ಷಕ್ಕೆ ಮೂರು ಅಧಿವೇಶನ: ಬಜೆಟ್, ಮುಂಗಾರು, ಚಳಿಗಾಲ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎಂಬುದಷ್ಟೇ ಸಂವಿಧಾನದ ಕಟ್ಟಳೆ. ವರ್ಷಕ್ಕೆ ಇಷ್ಟು ದಿನ ಸೇರಲೇಬೇಕೆಂಬ ನಿಯಮವಿಲ್ಲ. ಸದನವನ್ನು ಎಷ್ಟು ದಿನ ಕೂರಿಸಬೇಕೆಂಬುದು ಬಹುಮಟ್ಟಿಗೆ ಸರ್ಕಾರದ ಕೈಯಲ್ಲೇ ಇದೆ. ಎಂಟನೇ ಲೋಕಸಭೆ 485 ದಿನ ಸೇರಿತು. 2019–24ರ 17ನೇ ಲೋಕಸಭೆ ಸೇರಿದ್ದು 274 ದಿನ. ಎರಡೂ ಏಕಪಕ್ಷ ಬಹುಮತದ ಅವಧಿಗಳೇ. ಸಂಸತ್ತಿನ ಆರೋಗ್ಯ ಅಳೆಯುವಾಗ ನಾನು ಮೊದಲು ನೋಡುವುದು ಈ ಅಂಕಿಯನ್ನೇ. ಸದನ ಕೂಡದ ದಿನ ಮಂತ್ರಿಗಳಿಗೆ ಎದುರು ನಿಂತು ಪ್ರಶ್ನೆ ಕೇಳುವವರು ಇರುವುದಿಲ್ಲ.

ವಿಪ್ ಎಂಬ ಹಗ್ಗ

ಮೊದಲ ಅಧಿವೇಶನದಲ್ಲೇ ಆ ಸರ್ಕಾರ ತಂದದ್ದು ಪಕ್ಷಾಂತರ ನಿಷೇಧ ಕಾನೂನು. 1967ರಲ್ಲಿ ಹರಿಯಾಣದ ಶಾಸಕರೊಬ್ಬರು ಮೇಲಿಂದ ಮೇಲೆ ಪಕ್ಷ ಬದಲಿಸಿದ್ದರಿಂದ ‘ಆಯಾ ರಾಮ್, ಗಯಾ ರಾಮ್’ ಎಂಬ ಮಾತು ದೇಶದಲ್ಲೆಲ್ಲ ಹಬ್ಬಿತ್ತು. ಅದನ್ನು ತಡೆಯಬೇಕೆಂದು ಎಲ್ಲ ಪಕ್ಷಗಳೂ ಹೇಳುತ್ತಿದ್ದವು, ಮಾಡಲು ಯಾರಿಂದಲೂ ಆಗಿರಲಿಲ್ಲ. 1985ರ ಜನವರಿ 30ರಂದು ಲೋಕಸಭೆ, ಮರುದಿನವೇ ರಾಜ್ಯಸಭೆ 52ನೇ ತಿದ್ದುಪಡಿಯನ್ನು ಒಪ್ಪಿದವು. ಸಂವಿಧಾನಕ್ಕೆ ಹತ್ತನೇ ಪರಿಚ್ಛೇದ ಸೇರಿತು.

ಅದರ ತಿರುಳು ಇಷ್ಟು: ಗೆದ್ದ ಪಕ್ಷವನ್ನು ಸ್ವಇಚ್ಛೆಯಿಂದ ಬಿಟ್ಟರೆ, ಇಲ್ಲವೇ ಪಕ್ಷ ಹೊರಡಿಸಿದ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ. ವಿಪ್ ಅಂದರೆ ಈ ದಿನ ಹಾಜರಿರಿ, ಹೀಗೆ ಮತ ಹಾಕಿ ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಲಿಖಿತ ಅಪ್ಪಣೆ. ಅನರ್ಹತೆಯನ್ನು ತೀರ್ಮಾನಿಸುವವರು ಸ್ಪೀಕರ್. ಆರಂಭದಲ್ಲಿ ಪಕ್ಷದ ಮೂರನೇ ಒಂದು ಭಾಗ ಒಡೆದು ಬಂದರೆ ವಿನಾಯಿತಿ ಇತ್ತು. 2003ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಮೂರನೇ ಎರಡು ಭಾಗ ಮತ್ತೊಂದು ಪಕ್ಷದಲ್ಲಿ ವಿಲೀನವಾದರೆ ಮಾತ್ರ ವಿನಾಯಿತಿ.

ಈ ಕಾನೂನು ಕನ್ನಡಿಗರಿಗೆ ಪುಸ್ತಕದ ವಿಷಯವಲ್ಲ. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಉರುಳಿದಾಗ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಉಪಚುನಾವಣೆಯಲ್ಲಿ ಸ್ಪರ್ಧಿಸಲು ಮಾತ್ರ ಅವಕಾಶ ಕೊಟ್ಟಿತು.

ಸಂಸತ್ತಿನ ಲೆಕ್ಕದಲ್ಲಿ ನೋಡಿದರೆ ಈ ಕಾನೂನಿಗೆ ಮತ್ತೊಂದು ಮುಖವೂ ಇದೆ. ಮೊದಲು ಬಹುಮತದ ಸರ್ಕಾರಕ್ಕೂ ತನ್ನದೇ ಸಾಲಿನಲ್ಲಿ ಕೂತವರನ್ನು ಒಪ್ಪಿಸಬೇಕಾದ ಅಗತ್ಯವಿತ್ತು, ಒಪ್ಪದವರು ವಿರುದ್ಧ ಮತ ಹಾಕಿಯೂ ಸದಸ್ಯರಾಗಿ ಉಳಿಯಬಹುದಿತ್ತು. 1985ರ ನಂತರ ಹಾಗೆ ಮಾಡಿದರೆ ಸೀಟೇ ಹೋಗುತ್ತದೆ. ಹಾಗಾಗಿ ಭಿನ್ನಮತ ಇದ್ದವರಿಗೆ ಉಳಿದ ದಾರಿ ಮಾತಾಡುವುದು ಅಥವಾ ರಾಜೀನಾಮೆ ಕೊಟ್ಟು ಹೊರಬರುವುದು. ಇದಕ್ಕೆ ಎಂಟನೇ ಲೋಕಸಭೆಯಲ್ಲೇ ನಿದರ್ಶನವಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆ ಶಾ ಬಾನು ಅವರಿಗೆ ಮಾಜಿ ಪತಿ ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶ ಕೊಡಬೇಕೆಂಬ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 1985ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ಸಚಿವ ಆರಿಫ್ ಮೊಹಮ್ಮದ್ ಖಾನ್ ಅದೇ ವರ್ಷ ಲೋಕಸಭೆಯಲ್ಲಿ ಆ ತೀರ್ಪನ್ನು ಸಮರ್ಥಿಸಿ ಮಾತಾಡಿದರು. 1986ರಲ್ಲಿ ಸರ್ಕಾರ ನಿಲುವು ಬದಲಿಸಿ, ತೀರ್ಪಿನ ಪರಿಣಾಮವನ್ನು ಇಲ್ಲವಾಗಿಸುವ ಮಸೂದೆ ತಂದಿತು. ಖಾನ್ ಮಂತ್ರಿಮಂಡಲದಿಂದ ಹೊರಬಂದರು. ಮಸೂದೆ ಆ ವರ್ಷದ ಮೇ ತಿಂಗಳಲ್ಲಿ ಅಂಗೀಕಾರವಾಯಿತು. ಸದನದೊಳಗಿನ ಸಂಖ್ಯೆ ಮೊದಲೇ ನಿಶ್ಚಿತವಾಗಿತ್ತು.

ಪಾಸಾಗಿಯೂ ಕಾನೂನಾಗದ ಎರಡು ಮಸೂದೆ

ಮಸೂದೆ ಕಾನೂನಾಗಬೇಕಾದರೆ ಲೋಕಸಭೆ, ರಾಜ್ಯಸಭೆ ಎರಡೂ ಒಪ್ಪಿ ರಾಷ್ಟ್ರಪತಿ ಅಂಕಿತ ಹಾಕಬೇಕು. ಹಣಕಾಸು ಮಸೂದೆಯ ವಿಷಯದಲ್ಲಿ ಮಾತ್ರ ಲೋಕಸಭೆಯದೇ ಕೊನೆಯ ಮಾತು. ರಾಜ್ಯಸಭೆ ಅದನ್ನು 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಉಳಿದ ಮಸೂದೆಗಳು ಪ್ರತಿ ಹಂತವನ್ನೂ ದಾಟಲೇಬೇಕು.

1986ರಲ್ಲಿ ಅಂಚೆ ಕಚೇರಿ ತಿದ್ದುಪಡಿ ಮಸೂದೆ ಎರಡೂ ಸದನಗಳಲ್ಲಿ ಸಲೀಸಾಗಿ ಪಾಸಾಯಿತು. ಜನರ ಕಾಗದ ಪತ್ರಗಳನ್ನು ತಡೆದು, ಒಡೆದು ನೋಡಲು ಸರ್ಕಾರಕ್ಕೆ ಇನ್ನಷ್ಟು ಅಧಿಕಾರ ಕೊಡುವ ಮಸೂದೆ ಅದು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಅಂಕಿತವನ್ನೂ ಹಾಕಲಿಲ್ಲ, ಮರುಪರಿಶೀಲನೆಗೆ ಹಿಂದಕ್ಕೂ ಕಳಿಸಲಿಲ್ಲ. ಹಿಂದಕ್ಕೆ ಕಳಿಸಿ, ಸಂಸತ್ತು ಮತ್ತೆ ಒಪ್ಪಿದ್ದರೆ ಅವರು ಅಂಕಿತ ಹಾಕಲೇಬೇಕಾಗುತ್ತಿತ್ತು. ಇಷ್ಟು ದಿನದೊಳಗೆ ತೀರ್ಮಾನಿಸಬೇಕೆಂಬ ಗಡುವು ಸಂವಿಧಾನದಲ್ಲಿ ಇಲ್ಲ. ಆ ಮೌನವನ್ನೇ ಅವರು ಬಳಸಿಕೊಂಡರು. 1987ರ ಜುಲೈನಲ್ಲಿ ಅವರು ರಾಷ್ಟ್ರಪತಿ ಭವನ ಬಿಟ್ಟಾಗಲೂ ಮಸೂದೆ ಹಾಗೇ ಇತ್ತು. ಅದು ಕೊನೆಗೂ ಕಾನೂನಾಗಲಿಲ್ಲ.

ಎರಡನೆಯದು 1988ರ ಮಾನಹಾನಿ ಮಸೂದೆ. ಪತ್ರಿಕೆ ಬರೆದದ್ದು ನಿಜವೆಂದು ಸಾಬೀತು ಮಾಡುವ ಹೊರೆಯನ್ನು ಆರೋಪಿಯ ಮೇಲೆ ಭಾರವಾಗಿ ಹೊರಿಸಿದ ಮಸೂದೆಯದು. ಆಗಸ್ಟ್ ಕೊನೆಯಲ್ಲಿ ಲೋಕಸಭೆ ಅದನ್ನು ಒಪ್ಪಿತು. ಪತ್ರಕರ್ತರು ಬೀದಿಗಿಳಿದರು, ಸಂಪಾದಕರು, ವಕೀಲರು ಜೊತೆಯಾದರು. ಸೆಪ್ಟೆಂಬರ್ ಮುಗಿಯುವ ಮೊದಲೇ ಸರ್ಕಾರ ಅದನ್ನು ಕೈಬಿಟ್ಟಿತು, ರಾಜ್ಯಸಭೆಗೆ ಒಯ್ಯಲೇ ಇಲ್ಲ. ಇದನ್ನು ತಡೆದದ್ದು ಸಂವಿಧಾನದ ಯಾವ ವಿಧಿಯೂ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅಂಗೀಕಾರವಾದ ಮೂರು ಕೃಷಿ ಕಾಯ್ದೆಗಳನ್ನು 2021ರ ನವೆಂಬರ್ 29ರಂದು ಅದೇ ಸಂಸತ್ತು ರದ್ದು ಮಾಡಿದಾಗಲೂ ಹೀಗೇ ಆಯಿತು, ಸದನದಲ್ಲಿ ಸರ್ಕಾರದ ಬಲ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಇನ್ನು ನ್ಯಾಯಾಲಯ. ಸಂವಿಧಾನವನ್ನು ಎಷ್ಟು ದೊಡ್ಡ ಬಹುಮತದಿಂದ ತಿದ್ದಿದರೂ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಅಂತರದಲ್ಲಿ ಹೇಳಿತ್ತು. ಆ ಮೊಕದ್ದಮೆ ಹೂಡಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಯಕ್ಷಗಾನ, ಸಂಗೀತಕ್ಕೆ ಹೆಸರಾದ ಕನ್ನಡದ ಮಠವೊಂದರ ಹೆಸರು ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ಇರುವುದು ಈ ತೀರ್ಪಿನಿಂದ. ಇದೇ ತತ್ವದ ಮೇಲೆ 2015ರಲ್ಲಿ ನ್ಯಾಯಮೂರ್ತಿಗಳ ನೇಮಕಾತಿ ಆಯೋಗದ ತಿದ್ದುಪಡಿ ಬಿದ್ದುಹೋಯಿತು. ಅದನ್ನು ಸಂಸತ್ತು ಹೆಚ್ಚುಕಡಿಮೆ ಒಮ್ಮತದಿಂದ ಅಂಗೀಕರಿಸಿತ್ತು.

ಲೆಕ್ಕ ಕೇಳುವವರು

ಸಂಸತ್ತಿನ ಕೆಲಸ ಕಾನೂನು ಮಾಡುವುದಷ್ಟೇ ಅಲ್ಲ, ಸರ್ಕಾರದಿಂದ ಲೆಕ್ಕ ಕೇಳುವುದೂ ಹೌದು. ಪ್ರತಿಪಕ್ಷದ ಸಾಲು ತೆಳ್ಳಗಿದ್ದಾಗ ಈ ಕೆಲಸ ಹೇಗೆ ನಡೆಯುತ್ತದೆ?

1986ರ ಮಾರ್ಚ್‌ನಲ್ಲಿ ಸರ್ಕಾರ ಸ್ವೀಡನ್ನಿನ ಬೊಫೋರ್ಸ್ ಕಂಪನಿಯಿಂದ ಸುಮಾರು 1,437 ಕೋಟಿ ರೂಪಾಯಿಗೆ 410 ಫಿರಂಗಿ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 1987ರ ಏಪ್ರಿಲ್ 16ರಂದು ಈ ವ್ಯವಹಾರದಲ್ಲಿ ಲಂಚ ಸಂದಾಯವಾಗಿದೆ ಎಂದು ಸ್ವೀಡಿಷ್ ರೇಡಿಯೊ ಹೇಳಿತು. ಒತ್ತಡ ಹೆಚ್ಚಿದಾಗ ಸರ್ಕಾರ ಜಂಟಿ ಸಂಸದೀಯ ಸಮಿತಿ ರಚಿಸಿತು. ಹಗರಣವೊಂದರ ತನಿಖೆಗೆ ಇಂಥ ಸಮಿತಿ ಆದದ್ದು ಅದೇ ಮೊದಲು. ಅಧ್ಯಕ್ಷರಾದವರು ನಮ್ಮ ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಮಿತಿಗಳಲ್ಲಿ ಪಕ್ಷಗಳಿಗೆ ಸಿಗುವ ಪಾಲು ಸದನದ ಬಲಕ್ಕೆ ಅನುಗುಣವಾಗಿರುತ್ತದೆ. ಸದನದಲ್ಲಿ ಬಹುಮತ ಇದ್ದವರಿಗೆ ಸಮಿತಿಯಲ್ಲೂ ಬಹುಮತ. ಇದೇ ಕಾರಣಕ್ಕೆ ಮುಖ್ಯ ವಿರೋಧ ಪಕ್ಷಗಳು ಸಮಿತಿಯನ್ನು ಬಹಿಷ್ಕರಿಸಿದವು. 1988ರ ಏಪ್ರಿಲ್‌ನಲ್ಲಿ ಬಂದ ವರದಿ ಲಂಚಕ್ಕೆ ಸಾಕ್ಷ್ಯ ಸಿಗಲಿಲ್ಲ ಎಂದಿತು, ವಿವಾದ ಅಲ್ಲಿಗೆ ಮುಗಿಯಲಿಲ್ಲ.

ಮುಂದಿನ ವರ್ಷ ಅದೇ ಖರೀದಿಯ ಬಗ್ಗೆ ಇನ್ನೊಂದು ವರದಿ ಬಂತು. ಬರೆದದ್ದು ಮಹಾಲೇಖಪಾಲರ ಕಚೇರಿ. ಸರ್ಕಾರದ ಖರ್ಚನ್ನು ತಪಾಸಣೆ ಮಾಡುವ ಈ ಹುದ್ದೆಗೆ ನೇಮಕ ಮಾಡುವುದು ಸರ್ಕಾರವೇ ಆದರೂ, ಒಮ್ಮೆ ಕೂತವರನ್ನು ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಷ್ಟದ ವಿಧಾನ ಬೇಕು. ಆಗ ಆ ಸ್ಥಾನದಲ್ಲಿದ್ದವರು ಟಿ. ಎನ್. ಚತುರ್ವೇದಿ. 2002ರಲ್ಲಿ ಕರ್ನಾಟಕದ ರಾಜ್ಯಪಾಲರಾಗಿ ಬಂದದ್ದರಿಂದ ಇಲ್ಲಿನವರಿಗೆ ಅವರ ಹೆಸರು ಪರಿಚಿತ. ಫಿರಂಗಿ ಆಯ್ಕೆಯಲ್ಲಿ ಲೋಪಗಳಿವೆ ಎಂದ ಆ ವರದಿ 1989ರ ಜುಲೈನಲ್ಲಿ ಸಂಸತ್ತಿನ ಮುಂದೆ ಬಂದಾಗ ಪ್ರತಿಪಕ್ಷಗಳು ಪ್ರಧಾನಿಯ ರಾಜೀನಾಮೆ ಕೇಳಿದವು. ಸಿಗದಿದ್ದಾಗ ಜುಲೈ 24ರಂದು ವಿರೋಧ ಪಕ್ಷದ ಬಹುಪಾಲು ಸದಸ್ಯರು ತಾವೇ ಲೋಕಸಭೆಗೆ ರಾಜೀನಾಮೆ ಕೊಟ್ಟು ಹೊರನಡೆದರು.

ಇದಕ್ಕೆ ಕೆಲವು ತಿಂಗಳ ಮುಂಚೆ, ಮಾರ್ಚ್ 15ರಂದು, ಒಂದೇ ದಿನ 63 ಸದಸ್ಯರನ್ನು ಆ ವಾರದ ಮಟ್ಟಿಗೆ ಸದನದಿಂದ ಅಮಾನತು ಮಾಡಲಾಗಿತ್ತು. ಇಂದಿರಾ ಹತ್ಯೆಯ ತನಿಖೆ ನಡೆಸಿದ ಠಕ್ಕರ್ ಆಯೋಗದ ವರದಿ ಮಂಡಿಸಿ ಎಂದು ಅವರು ಗಲಾಟೆ ಮಾಡಿದ್ದರು. ಹಿಂದೆ ಆಯೋಗದ ವರದಿಗಳನ್ನು ಸದನದ ಮುಂದೆ ಇಡಲೇಬೇಕೆಂಬ ನಿಯಮವಿತ್ತು. ಸರ್ಕಾರ 1986ರಲ್ಲಿ ತನ್ನ ಬಹುಮತದಿಂದಲೇ ಆ ಕಾಯ್ದೆಯನ್ನು ತಿದ್ದಿ, ಬೇಕೆನಿಸಿದಾಗ ವರದಿಯನ್ನು ಇಡದಿರಲು ಅವಕಾಶ ಮಾಡಿಕೊಂಡಿತ್ತು. ವರದಿಯ ಭಾಗಗಳು ಪತ್ರಿಕೆಯಲ್ಲಿ ಬಂದ ಮೇಲೆ ಅದೇ ತಿಂಗಳು ಸರ್ಕಾರವೇ ಅದನ್ನು ಮಂಡಿಸಿತು. ಅಮಾನತಿಗೆ ಬೇಕಾದದ್ದು ಸಾಮಾನ್ಯ ಬಹುಮತದ ಒಂದು ನಿರ್ಣಯ, ಹಾಗಾಗಿ ದೊಡ್ಡ ಬಹುಮತದ ಸದನಗಳಲ್ಲಿ ಅದು ಸುಲಭ. 2023ರ ಡಿಸೆಂಬರ್‌ನ ಒಂದೇ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸದಸ್ಯರು ಅಮಾನತಾದರು.

ರಾಜ್ಯಸಭೆಯಲ್ಲಿ ನಿಂತ ಪಂಚಾಯತಿ

1989ರ ಮೇ ತಿಂಗಳಲ್ಲಿ ರಾಜೀವ್ ಸರ್ಕಾರ 64ನೇ ತಿದ್ದುಪಡಿ ಮಸೂದೆ ತಂದಿತು. ದೇಶದಲ್ಲೆಲ್ಲ ಪಂಚಾಯತಿಗಳಿಗೆ ಸಂವಿಧಾನದ ಆಸರೆ, ಐದು ವರ್ಷಕ್ಕೊಮ್ಮೆ ಕಡ್ಡಾಯ ಚುನಾವಣೆ, ಮಹಿಳೆಯರಿಗೆ ಮೀಸಲಾತಿ ಅದರ ಉದ್ದೇಶ. ಆಶಯಕ್ಕೆ ತಕರಾರು ತೆಗೆದವರು ಕಡಿಮೆ. ಆಕ್ಷೇಪ ಬಂದದ್ದು ಬೇರೆ ಕಡೆಯಿಂದ. ಸ್ಥಳೀಯ ಆಡಳಿತ ರಾಜ್ಯಗಳಿಗೆ ಸೇರಿದ ವಿಷಯ, ಕೇಂದ್ರವು ರಾಜ್ಯ ಸರ್ಕಾರಗಳನ್ನು ದಾಟಿ ನೇರವಾಗಿ ಜಿಲ್ಲೆಗೆ ಕೈಹಾಕಲು ಹೊರಟಿದೆ ಎಂದು ಪ್ರತಿಪಕ್ಷಗಳ ಸರ್ಕಾರವಿದ್ದ ರಾಜ್ಯಗಳು ಹೇಳಿದವು.

ಕರ್ನಾಟಕಕ್ಕೆ ಇದು ಹೊಸ ವಿಷಯವಾಗಿರಲಿಲ್ಲ. 1983ರಲ್ಲೇ ಇಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾನೂನು ಆಗಿತ್ತು. ಅದರ ಹಿಂದೆ ನಿಂತವರು ಸಚಿವ ಅಬ್ದುಲ್ ನಜೀರ್ ಸಾಬ್, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡವರು. 1987ರಲ್ಲಿ ಚುನಾವಣೆ ನಡೆದು, ಶೇ 25ರಷ್ಟು ಸ್ಥಾನಗಳಲ್ಲಿ ಮಹಿಳೆಯರು ಬಂದು ಕೂತರು.

ಆಗಸ್ಟ್‌ನಲ್ಲಿ ಮಸೂದೆ ಲೋಕಸಭೆಯಲ್ಲಿ ಪಾಸಾಯಿತು. ಪ್ರತಿಪಕ್ಷದ ಸಾಲು ಹೆಚ್ಚುಕಡಿಮೆ ಖಾಲಿಯಿತ್ತು. ಅಕ್ಟೋಬರ್‌ನಲ್ಲಿ ರಾಜ್ಯಸಭೆಯ ಮುಂದೆ ಹೋದಾಗ ಮೂರನೇ ಎರಡು ಬಹುಮತಕ್ಕೆ ಕೆಲವೇ ಮತ ಕಡಿಮೆಬಿದ್ದು ಬಿದ್ದುಹೋಯಿತು.

ಲೋಕಸಭೆಯಲ್ಲಿ 414 ಇದ್ದವರಿಗೆ ರಾಜ್ಯಸಭೆಯಲ್ಲಿ ಯಾಕೆ ಸಾಲಲಿಲ್ಲ? ರಾಜ್ಯಸಭೆಯ ಸದಸ್ಯರನ್ನು ಆರಿಸುವವರು ಆಯಾ ರಾಜ್ಯದ ಶಾಸಕರು. ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತರಾಗುತ್ತಾರೆ. ಆದ್ದರಿಂದ ಲೋಕಸಭೆ ಒಂದೇ ಚುನಾವಣೆಯ ಅಲೆಯನ್ನು ತೋರಿಸಿದರೆ, ರಾಜ್ಯಸಭೆ ಹಲವು ವರ್ಷಗಳಲ್ಲಿ ಹಲವು ರಾಜ್ಯಗಳು ಕೊಟ್ಟ ತೀರ್ಪುಗಳ ಮೊತ್ತ. ಆಂಧ್ರದಲ್ಲಿ ತೆಲುಗುದೇಶಂ, ಕರ್ನಾಟಕದಲ್ಲಿ ಜನತಾ, ಬಂಗಾಳದಲ್ಲಿ ಎಡರಂಗ ಅಧಿಕಾರದಲ್ಲಿದ್ದವು. 1985ರಲ್ಲಿ ಅಸ್ಸಾಂ, 1987ರಲ್ಲಿ ಕೇರಳ ಮತ್ತು ಹರಿಯಾಣ ಕಾಂಗ್ರೆಸ್ಸಿನ ಕೈತಪ್ಪಿದವು. ಇಂಥ ಒಂದೊಂದು ವಿಧಾನಸಭೆಯೂ ಎರಡೆರಡು ವರ್ಷಕ್ಕೊಮ್ಮೆ ರಾಜ್ಯಸಭೆಗೆ ಪ್ರತಿಪಕ್ಷದವರನ್ನು ಕಳಿಸುತ್ತಾ ಹೋಯಿತು. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನವಿದೆ. 1985ರ ಮಾರ್ಚ್‌ನಲ್ಲಿ ಗೆದ್ದ 139 ಶಾಸಕರ ಮತವೂ ಆ ಲೆಕ್ಕಕ್ಕೆ ಸೇರಿತ್ತು. ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿಗೆ ಬಹುಮತ ಕೊಟ್ಟ ಕನ್ನಡಿಗರು, ಮಾರ್ಚ್‌ನಲ್ಲಿ ಹಾಕಿದ ಮತದಿಂದ ಆ ಬಹುಮತಕ್ಕೊಂದು ಮಿತಿಯನ್ನೂ ಇಟ್ಟಿದ್ದರು.

ಪ್ರತಿಪಕ್ಷಗಳು ಒಪ್ಪಿದಾಗ ಇದೇ ರಾಜ್ಯಸಭೆ ಅಡ್ಡಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ 61ನೇ ತಿದ್ದುಪಡಿ 1988ರ ಡಿಸೆಂಬರ್‌ನಲ್ಲಿ ಎರಡೂ ಸದನಗಳನ್ನು ದಾಟಿ, 1989ರ ಮಾರ್ಚ್ 28ರಿಂದ ಜಾರಿಗೆ ಬಂತು.

ಪಂಚಾಯತಿ ತಿದ್ದುಪಡಿ ಮುಂದೆ ಏನಾಯಿತು? 1991ರಲ್ಲಿ ಬಂದ ಪಿ. ವಿ. ನರಸಿಂಹ ರಾವ್ ಅವರದು ಅಲ್ಪಮತದ ಸರ್ಕಾರ. ಅವರು ಮಸೂದೆಯನ್ನು ಬದಲಿಸಿ, ಹಲವು ತೀರ್ಮಾನಗಳನ್ನು ರಾಜ್ಯಗಳಿಗೇ ಬಿಟ್ಟು, ಜಂಟಿ ಸಮಿತಿಯ ಪರಿಶೀಲನೆಗೆ ಕಳಿಸಿದರು. 1992ರ ಡಿಸೆಂಬರ್‌ನಲ್ಲಿ ಎರಡೂ ಸದನ ಒಪ್ಪಿದವು. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು, ಅದಕ್ಕೆ ಹೊಂದುವ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಮೇ 10ರಂದು. 414 ಸದಸ್ಯರಿದ್ದ ಸರ್ಕಾರದಿಂದ ಆಗದ್ದು ಬಹುಮತವೇ ಇಲ್ಲದ ಸರ್ಕಾರದಿಂದ ಆಯಿತು. ಆ ನಡುವೆ ಬದಲಾದದ್ದು ಮಸೂದೆಯ ಒಕ್ಕಣೆ ಮತ್ತು ರಾಜ್ಯಗಳ ಜೊತೆಗಿನ ಮಾತುಕತೆ.

ಅವಧಿ ಮುಗಿದಾಗ

1989ರ ನವೆಂಬರ್‌ನಲ್ಲಿ ಚುನಾವಣೆ ನಡೆದು ಕಾಂಗ್ರೆಸ್ 197ಕ್ಕೆ ಇಳಿಯಿತು. ಕರ್ನಾಟಕ ಆಗಲೂ ದೇಶದ ದಾರಿ ಹಿಡಿಯಲಿಲ್ಲ, 28ರಲ್ಲಿ 27 ಸ್ಥಾನವನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ನವೆಂಬರ್ 27ರಂದು ಎಂಟನೇ ಲೋಕಸಭೆ ವಿಸರ್ಜನೆಯಾಯಿತು.

ವಿಸರ್ಜನೆಯಾದಾಗ ಲೋಕಸಭೆಯಲ್ಲಿ ಬಾಕಿ ಇರುವ ಮಸೂದೆಗಳೆಲ್ಲ ಅಲ್ಲಿಗೇ ಸಾಯುತ್ತವೆ. ಲೋಕಸಭೆ ಒಪ್ಪಿ ರಾಜ್ಯಸಭೆಯಲ್ಲಿ ಉಳಿದಿರುವವೂ ಸಾಮಾನ್ಯವಾಗಿ ಬಿದ್ದುಹೋಗುತ್ತವೆ. ರಾಜ್ಯಸಭೆಯಲ್ಲೇ ಹುಟ್ಟಿ, ಇನ್ನೂ ಲೋಕಸಭೆಗೆ ಬಾರದವು ಉಳಿದುಕೊಳ್ಳುತ್ತವೆ, ಏಕೆಂದರೆ ರಾಜ್ಯಸಭೆಗೆ ವಿಸರ್ಜನೆ ಇಲ್ಲ. ಎರಡೂ ಸದನ ಒಪ್ಪಿ ರಾಷ್ಟ್ರಪತಿಯ ಮೇಜಿನ ಮೇಲಿರುವ ಮಸೂದೆಯೂ ಬೀಳುವುದಿಲ್ಲ. ಜೈಲ್ ಸಿಂಗ್ ಅಂಕಿತ ಹಾಕದೆ ಬಿಟ್ಟಿದ್ದ ಅಂಚೆ ಮಸೂದೆ ಹೀಗೆ ತನ್ನನ್ನು ಪಾಸು ಮಾಡಿದ ಲೋಕಸಭೆಗಿಂತಲೂ ಹೆಚ್ಚು ಕಾಲ ಬದುಕಿತ್ತು. ಅದನ್ನು ಹಿಂತೆಗೆದುಕೊಂಡದ್ದು 2002ರಲ್ಲಿ, ಬೇರೊಂದು ಸರ್ಕಾರ.